ಹತ್ತನೇ ಸಿವುಡು ಯಾರದ್ದು?

ಎಲ್ಲರಿಗೂ ನಮಸ್ಕಾರ. ಇವತ್ತು ಇಂಗ್ಲೆಂಡಿನ ದಶಮಾಂಶದ ಕಾನೂನಿನ ಬಗ್ಗೆ ಮಾತಾಡ್ತೀನಿ. ಬೈಬಲ್ ಓದಿರೋರಿಗೆ ಪದ ಗೊತ್ತೇ ಇರುತ್ತೆ, ಬೆಳೆದಿದ್ರಲ್ಲಿ ಹತ್ತರಲ್ಲೊಂದು ಪಾಲು ದೇವರಿಗೆ ಅಂತ. ಆದ್ರೆ ಅಲ್ಲಿ ಅದು ಮನಸ್ಸಿಂದ ಕೊಡೋ ಕಾಣಿಕೆಯಾಗಿ ಉಳೀಲೇ ಇಲ್ಲ. 10ನೇ ಶತಮಾನದಲ್ಲೇ ಎಡ್ಗರ್ ರಾಜನ ಕಾನೂನು ಬಂತು, ಕೊಡದೇ ಇದ್ದೋನ ಹತ್ತನೇ ಪಾಲನ್ನ ಚರ್ಚಿಗೆ ಎತ್ಕೊಂಡು ಹೋಗಿ, ಒಂದು ಪಾಲು ಅವನಿಗೆ ಬಿಟ್ಟು, ಉಳಿದ ಎಂಟು ಪಾಲನ್ನ ಅವನ ಒಡೆಯನೂ ಬಿಷಪ್ಪೂ ಅರ್ಧರ್ಧ ಹಂಚ್ಕೊಳ್ಳೋದು. ಎಂಟು ಪಾಲು!

ಗೋಧಿ ಆದ್ರೆ ಹತ್ತನೇ ಸಿವುಡು, ಸರಿ. ಕುರಿಮರಿ ಏಳೇ ಹುಟ್ಟಿದ್ರೆ? ಅದಕ್ಕೂ ರೂಲ್ಸ್ ಇತ್ತು. ಆರು ಅಥವಾ ಕಮ್ಮಿ ಇದ್ರೆ ಮರಿಗೆ ಅರ್ಧ ಪೆನ್ನಿ ಲೆಕ್ಕ, ಏಳಾದ್ರೆ ಪಾದ್ರಿ ಒಂದು ಮರಿ ತಗೊಂಡು ಮೂರು ಅರ್ಧ ಪೆನ್ನಿ ವಾಪಸ್ ಕೊಡಬೇಕು. ಗಣಿಯಿಂದ ತೆಗೆದಿದ್ದಕ್ಕೆ ಮಾತ್ರ ಸಾಮಾನ್ಯವಾಗಿ ಇರ್ಲಿಲ್ಲ, ಯಾಕಂದ್ರೆ ಕಲ್ಲಿದ್ದಲು ವರ್ಷ ವರ್ಷ ಮತ್ತೆ ಬೆಳೆಯಲ್ಲ.

ನನಗೆ ಇದ್ರಲ್ಲಿ ಅತಿ ಅನ್ಯಾಯ ಅನ್ಸೋದು ಒಂದಿದೆ. ಪಾಲು ತಗೋತಿದ್ದಿದ್ದು ಲಾಭದಲ್ಲಲ್ಲ, ಒಟ್ಟು ಬೆಳೆಯಲ್ಲಿ. ಬೀಜ, ಗೊಬ್ಬರ, ಕೂಲಿ ಎಲ್ಲಾ ಸೇರಿ 90 ಪೌಂಡ್ ಖರ್ಚು ಮಾಡಿ 100 ಪೌಂಡಿನ ಬೆಳೆ ತೆಗೆದ ರೈತ ಅಂದ್ಕೊಳ್ಳಿ, ದಶಮಾಂಶ 10 ಪೌಂಡ್ ಹೋದ್ರೆ ಅವನ ಕೈಗೆ ಏನು ಉಳೀತು? ಬರಡು ನೆಲ ಹಸನು ಮಾಡೋಕೆ ದುಡ್ಡು ಹಾಕೋನೇ ಜಾಸ್ತಿ ಕಳ್ಕೊತಿದ್ದ. ಅದೂ ಅಲ್ದೆ 1549ರ ಕಾನೂನಿನ ಪ್ರಕಾರ ಆ ಪಾಲನ್ನ ಬೇರೆ ಮಾಡಿ ಇಡದೆ ಬೆಳೆ ಹೊಲದಿಂದ ಸಾಗಿಸಿದ್ರೆ ಮೂರು ಪಟ್ಟು ಕಟ್ಟಬೇಕು. ಅಧಿಕೃತ ಚರ್ಚಿಗೆ ಸೇರದ ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರು ಆತ್ಮಸಾಕ್ಷಿ ಒಪ್ಪಲ್ಲ ಅಂತ ಕೊಡದೆ ಜೈಲಿಗೇ ಹೋದ್ರು.

ಇನ್ನು ದುಡ್ಡು ಯಾರಿಗೆ ಹೋಗ್ತಿತ್ತು ಅನ್ನೋದು. ಊರಿನ ಪಾದ್ರಿಗೆ ಅಂತ ಶುರುವಾಗಿದ್ದು ಎಷ್ಟೋ ಕಡೆ ಮಠಗಳ ಕೈಗೆ ಹೋಯ್ತು, ಎಂಟನೇ ಹೆನ್ರಿ 1536ರಿಂದ 1540ರೊಳಗೆ ಮಠಗಳನ್ನ ಮುಚ್ಚಿಸಿದ ಮೇಲೆ ಆ ಹಕ್ಕುಗಳು ಮಾರಾಟವಾಗಿ ಸಾಮಾನ್ಯ ಜಮೀನ್ದಾರರ ಪಾಲಾದ್ವು. ಪೂಜೆ ಪ್ರಾರ್ಥನೆ ಏನೂ ಮಾಡದ ಮನುಷ್ಯ ರೈತನ ಹತ್ತನೇ ಸಿವುಡು ತಗೊಂಡು ಹೋಗ್ಬಹುದು, ಬೇಕಿದ್ರೆ ಮಾರಬಹುದು, ಮಕ್ಕಳಿಗೆ ಬಿಟ್ಟೂ ಹೋಗ್ಬಹುದು. ಆದ್ರೆ ಹಕ್ಕಿನ ಜೊತೆ ಒಂದು ಹೊರೆನೂ ಬಂತು, ಚರ್ಚಿನ ಬಲಿಪೀಠ ಇರೋ ಭಾಗದ ರಿಪೇರಿ. ಇದನ್ನ ನೆನಪಿಟ್ಕೊಳ್ಳಿ.

1836ರಲ್ಲಿ ಸಿವುಡು ಎಣಿಸೋ ಪದ್ಧತಿಗೆ ಅಂತ್ಯ ಹಾಡೋಕೆ ಕಾನೂನು ಬಂತು, ಗೋಧಿ, ಬಾರ್ಲಿ, ಓಟ್ಸ್‌ಗಳ ಏಳು ವರ್ಷದ ಸರಾಸರಿ ಬೆಲೆ ನೋಡಿ ದುಡ್ಡಲ್ಲಿ ಕಟ್ಟೋ ವ್ಯವಸ್ಥೆ. ಇದನ್ನ ಜಾರಿಗೆ ತಂದ ಮೂರು ಕಮಿಷನರ್‌ಗಳಲ್ಲಿ ಒಬ್ಬರು ರಿಚರ್ಡ್ ಜೋನ್ಸ್. ಅವರು ಅದೇ ಕಾಲಕ್ಕೆ ಹೈಲಿಬರಿ ಕಾಲೇಜಲ್ಲಿ, ಅಂದ್ರೆ ನಮ್ಮ ದೇಶಕ್ಕೆ ಬರೋ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಗಳನ್ನ ತಯಾರು ಮಾಡ್ತಿದ್ದ ಕಾಲೇಜಲ್ಲಿ, ಅರ್ಥಶಾಸ್ತ್ರದ ಪ್ರೊಫೆಸರ್. ಭಾರತದ ರೈತ ಸರ್ಕಾರಕ್ಕೆ ಕೊಡೋ ಗೇಣಿಯ ಬಗ್ಗೆನೂ ಬರೆದವರು.

1936ರಲ್ಲಿ ದುಡ್ಡಲ್ಲಿ ಕಟ್ಟೋ ಈ ದಶಮಾಂಶನೂ ವರ್ಷ ವರ್ಷದ ಕಂತುಗಳಾಗಿ ಬದಲಾಯ್ತು, 1996ರವರೆಗೆ ಕಟ್ಟಬೇಕಾಗಿದ್ದನ್ನ 1977ರಲ್ಲೇ ಕೊನೆ ಮಾಡಿದ್ರು.

ಆದ್ರೆ ರಿಪೇರಿ ಹೊರೆ ಹೋಗ್ಲಿಲ್ಲ. ವಾರ್ವಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋ ಅನ್ನೋ ಊರಲ್ಲಿ 1743ರಲ್ಲಿ ದಶಮಾಂಶದ ಹಕ್ಕಿದ್ದೋರಿಗೆ ಅದರ ಬದಲು ಅಂತ ಒಂದಷ್ಟು ಹೊಲ ಕೊಟ್ಟಿದ್ರು, ರಿಪೇರಿ ಹೊರೆನೂ ಆ ಹೊಲಕ್ಕೇ ಅಂಟ್ಕೊಂಡ್ತು. ಎರಡೂವರೆ ಶತಮಾನ ಆದ್ಮೇಲೆ ಆ ಹೊಲದ ಮಾಲೀಕರಾಗಿದ್ದ ದಂಪತಿಗೆ ಚರ್ಚ್ ರಿಪೇರಿಗೆ 95,000 ಪೌಂಡಿಗೂ ಮೇಲೆ ಬಿಲ್ ಬಂತು. ಕೇಸು ಆಗ ಅಲ್ಲಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ 2003ರಲ್ಲಿ ಅವರು ಸೋತ್ರು. ಅವರು ಯಾರ ಸಿವುಡನ್ನೂ ತಗೊಂಡಿರ್ಲಿಲ್ಲ.