ಹುತ್ತರಿ ರಜೆಯಲ್ಲಿ ಕಾಲೇಜು ಬಾನುಲಿ

ಕೇಳುಗರಿಗೆ ನಮಸ್ಕಾರ.

ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿ ಹತ್ತಿರವಾದಾಗಲೆಲ್ಲ ನಮ್ಮ ಕಾಲೇಜಿನ ಸಮುದಾಯ ಬಾನುಲಿಗೆ ಒಂದೇ ಚಿಂತೆ. ಹಬ್ಬದ ಹಾಡುಗಳನ್ನು ಕೇಳಿಸಬೇಕಾದ ದಿನಗಳಲ್ಲಿಯೇ ಹಾಸ್ಟೆಲು ಬರಿದಾಗಿ, ಮೈಕಿನ ಮುಂದೆ ಕೂರಬೇಕಾದ ವಿದ್ಯಾರ್ಥಿಗಳೆಲ್ಲ ತಮ್ಮ ತಮ್ಮ ಊರು ಸೇರಿರುತ್ತಾರೆ. ಮೊದಲ ವರ್ಷಗಳಲ್ಲಿ ನಾವು ಚಿತ್ರಗೀತೆಗಳನ್ನು ಸಾಲಾಗಿ ಜೋಡಿಸಿ, ನಡುನಡುವೆ ಶುಭಾಶಯ ಸೇರಿಸಿ, ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸಿ ಊರಿಗೆ ಹೊರಡುತ್ತಿದ್ದೆವು. ಪ್ರಸಾರವೇನೋ ನಿಲ್ಲುತ್ತಿರಲಿಲ್ಲ, ಆದರೆ ಅದರಲ್ಲಿ ಕೊಡಗಿನದು ಎನ್ನುವಂಥದ್ದು ಏನೂ ಇರುತ್ತಿರಲಿಲ್ಲ. ಸಮುದಾಯ ಬಾನುಲಿಯ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ಸಿದ್ಧವಾಗಬೇಕೆಂಬ ನಿಯಮವನ್ನು ಹಬ್ಬದ ವಾರದಲ್ಲಿಯೇ ಮರೆಯುತ್ತಿದ್ದೆವೆಂದು ಒಪ್ಪಿಕೊಳ್ಳಬೇಕು.

ಈಗ ರಜೆಗೆ ಹೊರಡುವವರ ಕೈಗೇ ರೆಕಾರ್ಡರ್ ಕೊಡುತ್ತೇವೆ. ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಹಬ್ಬದ ದಿನ, ಮುಹೂರ್ತಗಳು ನಿಗದಿಯಾದ ಕೂಡಲೇ ಯಾರು ಯಾವ ಕುಟುಂಬದ ಮೂಲಮನೆಯಾದ ಐನ್‌ಮನೆಗೆ, ಯಾವ ಊರಿನ ಹಬ್ಬದ ಬಯಲಾದ ಮಂದ್‌ಗೆ ಎಂದು ಹಂಚಿಕೊಳ್ಳುತ್ತೇವೆ. ಗದ್ದೆಯಲ್ಲಿ ಕದಿರು ತೆಗೆಯುವಾಗ ಏಳುವ ‘ಪೊಲಿ ಪೊಲಿ ದೇವಾ’ ಎಂಬ ಕೂಗು, ಮಂದ್‌ನಲ್ಲಿ ಕೋಲಾಟದ ತಾಳ, ಕೊಂಬು, ವಾಲಗ ಎಲ್ಲವೂ ನಮಗೆ ಬೇಕು. ಕಷ್ಟ ಕೊಡುವುದು ಕೋವಿ. ಕದಿರು ತೆಗೆಯುವ ಮೊದಲು ಹಾರಿಸುವ ಕುಶಾಲತೋಪಿಗೆ ತೀರ ಹತ್ತಿರ ನಿಂತ ಹುಡುಗನೊಬ್ಬ ತಂದ ಧ್ವನಿಮುದ್ರಣದಲ್ಲಿ ಮೊದಲ ಗುಂಡಿನ ಸದ್ದು ಒಡೆದುಹೋಗಿತ್ತು. ಹಾಗಿದ್ದರೂ ಅದನ್ನು ನಾವು ಅಳಿಸಿಲ್ಲ.

ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ಮನೆಪಾಟ್. ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಮನೆಮನೆಗೆ ಬಂದು, ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಂಡು ಸಾಗುವ ಈ ಹಾಡಿಗೆ ಅವಸರವೆಂಬುದಿಲ್ಲ. ಚಿತ್ರಗೀತೆಯ ಅಳತೆಗೆ ಒಗ್ಗಿದ್ದ ನಾವು ಅದನ್ನು ಮೂರು ನಿಮಿಷಕ್ಕೆ ಕತ್ತರಿಸಿ ಕೇಳಿಸಿದಾಗ, ಹಾಡಿದ್ದ ಹಿರಿಯರೊಬ್ಬರು, ಅಂಗಳದವರೆಗೆ ಕರೆದು ಒಳಗೆ ಕರೆಯದೆ ಕಳುಹಿಸಿದಂತಾಯಿತೆಂದು ನೊಂದುಕೊಂಡರು. ಅವರನ್ನೇ ಸ್ಟುಡಿಯೋಗೆ ಕರೆತಂದು ಪೂರ್ತಿ ಹಾಡಿಸಲು ನೋಡಿದೆವು. ಗೋಡೆಗೆ ಮೆತ್ತೆ ಹೊದಿಸಿದ ಆ ಕೋಣೆಯಲ್ಲಿ ದುಡಿಯ ಸದ್ದು ಸತ್ತಂತಾಯಿತು. ಹಾಡು ನಾಲ್ಕು ಸಾಲಿಗೇ ನಿಂತಿತು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಿಂದ ಕೊಡವ ಹಾಡುಗಳ ಸಾಲುಗಳು ಅಚ್ಚಿನಲ್ಲಿ ಉಳಿದವು. ಸಾಲುಗಳ ನಡುವೆ ದುಡಿ ಎಷ್ಟು ಹೊತ್ತು ಒಂಟಿಯಾಗಿ ನುಡಿಯುತ್ತದೆ, ಹಾಡುವವರು ಎಲ್ಲಿ ಉಸಿರು ತಿರುಗಿಸಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ಆ ಮನೆಯಲ್ಲಿಯೇ ಕುಳಿತು ಕೇಳಬೇಕು.

ನಮ್ಮಂಥ ಕೇಂದ್ರಗಳಿಗೆ ಸಾಮಾನ್ಯವಾಗಿ ಸಿಗುವ ಅನುಮತಿ ಹೆಚ್ಚೆಂದರೆ 100 ವಾಟ್ ಪ್ರಸರಣ ಶಕ್ತಿಗೆ. ಬಯಲುಸೀಮೆಯಲ್ಲಿ ಹತ್ತಾರು ಕಿಲೋಮೀಟರ್ ಸಾಗುವ ಎಫ್.ಎಂ. ತರಂಗ ಇಲ್ಲಿ ಒಂದು ಬೆಟ್ಟ ಅಡ್ಡ ಬಂದರೆ ಸೊರಗುತ್ತದೆ. ಹೀಗಾಗಿ ಹಾಡಿದ ಮನೆಗೇ ಕೆಲವೊಮ್ಮೆ ಹಾಡು ತಲುಪುವುದಿಲ್ಲ. ಅಂಥ ಮನೆಗಳಿಗೆ ವಿದ್ಯಾರ್ಥಿಗಳು ಪೆನ್‌ಡ್ರೈವ್‌ನಲ್ಲಿ ಅದನ್ನು ಒಯ್ದು ಕೊಡುತ್ತಾರೆ.

ಈಗ ಕಳೆದ ಹುತ್ತರಿಯ ಒಂದು ಮನೆಪಾಟನ್ನು ಪೂರ್ತಿಯಾಗಿ ಕೇಳಿಸುತ್ತೇವೆ. ನಡುವೆ ನಾವು ಯಾರೂ ಮಾತನಾಡುವುದಿಲ್ಲ. ಅದಕ್ಕೂ ಮೊದಲು ಆ ಹುಡುಗ ತಂದ ಕೋವಿಯ ಸದ್ದಿದೆ. ದಯವಿಟ್ಟು ರೇಡಿಯೋದ ದನಿಯನ್ನು ತುಸು ತಗ್ಗಿಸಿಕೊಳ್ಳಿ.