ಕೈಗುಣದ ಮಾತು ಬಿಡಿ, ಬಿಸಿಲು ನೋಡಿ

"ನಾನು ಗಿಡ ತಂದರೆ ಉಳಿಯೋದೇ ಇಲ್ಲ. ನನ್ನ ಕೈಗುಣ ಸರಿ ಇಲ್ಲ."

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಎರಡು ಗಿಡ ಒಣಗಿದ್ದಕ್ಕೆ ತೋಟದ ಆಸೆಯನ್ನೇ ಬಿಟ್ಟವರು ಅವರು. ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಇವತ್ತು ಅವರ ಜೊತೆ ಮಾತಾಡಬೇಕು. ಮೊದಲ ಸಲ ನಾಲ್ಕು ಕುಂಡ ಇಡೋಣ ಅಂತ ಹೊರಟಿರುವ ನಿಮ್ಮ ಜೊತೆಯೂ ಮಾತಾಡಬೇಕು.

ನಾನು ನಂಬಿರುವುದು ಇಷ್ಟು. ಕೈಗುಣ ಅಂತ ಒಂದು ಇಲ್ಲ. ಹೊಸಬರ ಗಿಡ ಸಾಯುವುದು ಆರೈಕೆ ಕಮ್ಮಿಯಾಗಿ ಅಲ್ಲ, ಬಹಳ ಸಲ ಆಯ್ಕೆ ತಪ್ಪಿ. ನರ್ಸರಿಯಲ್ಲಿ ಗಿಡ ಎತ್ತಿಕೊಳ್ಳುವ ಹೊತ್ತಿಗೇ ಅದರ ಹಣೆಬರಹ ಅರ್ಧ ಬರೆದಾಗಿರುತ್ತದೆ.

ನಾನು ಮೊದಲು ತಂದಿದ್ದು ಗುಲಾಬಿ. ಆರು ಹೂ ಬಿಟ್ಟಿತ್ತು, ಬಿಟ್ಟು ಬರಲು ಮನಸ್ಸಾಗಲಿಲ್ಲ. ನನಗಿದ್ದದ್ದು ಒಂದು ಬಾಲ್ಕನಿ. ಅಲ್ಲಿಗೆ ಬೆಳಿಗ್ಗೆ ಒಂದೂವರೆ ಗಂಟೆ ಬಿಸಿಲು ಬರುತ್ತಿತ್ತು, ಆಮೇಲೆ ಎದುರಿನ ಕಟ್ಟಡದ ನೆರಳು. ಮೂರು ವಾರಕ್ಕೆ ಎಲೆ ಹಳದಿಯಾಯಿತು. ನೀರು ಜಾಸ್ತಿ ಹಾಕಿದೆ. ಗೊಬ್ಬರ ಹಾಕಿದೆ. ಎರಡು ತಿಂಗಳಿಗೆ ಉಳಿದದ್ದು ಮುಳ್ಳಿನ ಕಡ್ಡಿ. ಒಂದು ವರ್ಷ ಆ ಮೂಲೆ ಹಾಗೇ ಖಾಲಿ ಇತ್ತು. ಆಮೇಲೆ ಯಾರೋ ಒಂದು ಪೀಸ್ ಲಿಲಿ ಕೊಟ್ಟರು. ಅದನ್ನು ಅದೇ ಮೂಲೆಯಲ್ಲಿ ಇಟ್ಟೆ. ಅದೇ ಕೈ, ಅದೇ ನೀರು, ಅದೇ ಮರೆವು. ಅದು ಮೈತುಂಬ ಎಲೆ ಬಿಟ್ಟು, ಬಿಳಿ ಹೂವನ್ನೂ ಕೊಟ್ಟಿತು. ಗುಲಾಬಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಪೀಸ್ ಲಿಲಿಯಾದರೋ ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆಯುವ ಜಾತಿ. ನನ್ನ ಬಾಲ್ಕನಿ ಮೊದಲಿನಿಂದಲೂ ಅದರ ಜಾಗವೇ ಆಗಿತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಅದಕ್ಕೇ ನನ್ನ ಮೊದಲ ಮಾತು: ಗಿಡ ನೋಡುವ ಮೊದಲು ಜಾಗ ನೋಡಿ. ಒಂದು ರಜೆಯ ದಿನ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ಹೋಗಿ ನೋಡಿ. ನೆಲದ ಮೇಲೆ ನೇರ ಬಿಸಿಲು ಬಿದ್ದಿದೆಯಾ, ಇಲ್ಲವಾ? ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬೇರೆ ದಿನ ಇನ್ನೊಮ್ಮೆ ಮಾಡಿ, ಯಾಕೆಂದರೆ ಮೋಡ ಮೋಸ ಮಾಡುತ್ತದೆ. ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಅದು ಪೂರ್ತಿ ಬಿಸಿಲಿನ ಜಾಗ. ಮೂರರಿಂದ ಆರು ಅಂದರೆ ಅರೆನೆರಳು. ಮೂರಕ್ಕಿಂತ ಕಮ್ಮಿ ಅಂದರೆ ನೆರಳು. ಬೆಳಗಿನ ಬಿಸಿಲು ಮೆತ್ತಗಿರುತ್ತದೆ, ಮಧ್ಯಾಹ್ನದ್ದು ಎಲೆ ಸುಡುತ್ತದೆ. ಎರಡಕ್ಕೂ ಲೆಕ್ಕದಲ್ಲಿ ಒಂದೇ ಗಂಟೆ, ಆದರೆ ಗಿಡಕ್ಕೆ ಒಂದೇ ಅಲ್ಲ. ಸೂರ್ಯನ ದಾರಿ ವರ್ಷವಿಡೀ ಸರಿಯುತ್ತಲೇ ಇರುವುದರಿಂದ, ಈಗ ಬಿಸಿಲಿರುವ ಕಡೆ ಆರು ತಿಂಗಳ ನಂತರ ಗೋಡೆಯ ನೆರಳು ಬರಬಹುದು. ಕುಂಡಗಳ ಅನುಕೂಲ ಗೊತ್ತಾಗುವುದು ಆಗ. ಎತ್ತಿ ಇಡಬಹುದು.

ಮನೆಯೊಳಗಿನ ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬಲೇಬಾರದು. ಹೊರಗೆ ನಡು ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಲಕ್ಸ್ ಅಂದರೆ ಬೆಳಕನ್ನು ಅಳೆಯುವ ಅಳತೆ. ನಮಗೆ "ಎಷ್ಟು ಬೆಳಕಾಗಿದೆ" ಅನಿಸುವ ಕೋಣೆಯಲ್ಲಿ ಅದು ಕೆಲವು ನೂರಕ್ಕೆ ಇಳಿದಿರುತ್ತದೆ. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಹೊಂದಿಕೊಳ್ಳುತ್ತದೆ, ಹಾಗಾಗಿ ವ್ಯತ್ಯಾಸ ತಿಳಿಯುವುದಿಲ್ಲ. ಎಲೆಗೆ ಪಾಪೆ ಇಲ್ಲ. ಅದಕ್ಕೆ ಬಿದ್ದಷ್ಟೇ ಬೆಳಕು, ಅಷ್ಟರಲ್ಲೇ ಅದು ಊಟ ಮಾಡಿಕೊಳ್ಳಬೇಕು. ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಇಟ್ಟ ಗಿಡ ನಿಜಕ್ಕೂ ಹಸಿದಿರುತ್ತದೆ. ಸಣಕಲಾಗಿ ಉದ್ದ ಬೆಳೆದು ಕಿಟಕಿಯ ಕಡೆ ಬಾಗುವುದು ಅದರ ಗುರುತು.

ಜಾಗ ಗೊತ್ತಾಯಿತು. ಈಗ ಗಿಡದ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಇದರ ತವರು ಯಾವುದು? ನನಗೆ ಈ ಪ್ರಶ್ನೆ ಬಹಳ ಇಷ್ಟ. ನೂರು ಗಿಡಗಳ ಆರೈಕೆಯನ್ನು ಬಾಯಿಪಾಠ ಮಾಡುವ ಬದಲು ಇದೊಂದನ್ನು ತಿಳಿದುಕೊಂಡರೆ ಮುಕ್ಕಾಲು ಪಾಲು ಉತ್ತರ ಸಿಕ್ಕಿಬಿಡುತ್ತದೆ.

ನಿತ್ಯಪುಷ್ಪ ನೋಡಿ. ತವರು ಮಡಗಾಸ್ಕರ್. ಬಿಸಿಲು, ಬಡ ಮಣ್ಣು, ಕಮ್ಮಿ ನೀರು, ಎಲ್ಲವೂ ಅದಕ್ಕೆ ಒಗ್ಗುತ್ತದೆ. ಗೋಡೆಯ ಬಿರುಕಿನಲ್ಲೂ ಹುಟ್ಟಿ ಹೂ ಬಿಡುತ್ತದೆ. ಜೀಜೀ ಪ್ಲಾಂಟ್ ಪೂರ್ವ ಆಫ್ರಿಕದ್ದು. ಅಲ್ಲಿ ತಿಂಗಳುಗಟ್ಟಲೆ ಮಳೆ ಇರುವುದಿಲ್ಲ, ಅದಕ್ಕೇ ಮಣ್ಣಿನೊಳಗೆ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಅಂಥದ್ದಕ್ಕೆ ದಿನಾ ನೀರು ಹಾಕಿದರೆ ಗೆಡ್ಡೆ ಕೊಳೆಯದೆ ಇನ್ನೇನಾಗುತ್ತದೆ? ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕದ್ದು. ಹಗಲಿನ ಕಾವಿನಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಉಸಿರೆಳೆದುಕೊಳ್ಳುತ್ತದೆ. ನೀರು ಉಳಿಸುವ ಉಪಾಯ ಅದು. ಇನ್ನು ಲ್ಯಾವೆಂಡರ್. ಚಿತ್ರ ನೋಡಿ ಮನಸೋತು ತರುವವರು ತುಂಬಾ ಜನ. ಅದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಬೇಸಿಗೆಯ, ಕಲ್ಲುಮಣ್ಣಿನ ಗಿಡ. ಸೆಕೆ ಮತ್ತು ತೇವ ಒಟ್ಟಿಗೆ ಇರುವ ಕಡೆ ಅದು ಒಳಗಿಂದಲೇ ಕೊಳೆಯುತ್ತದೆ. ನಿಮ್ಮ ಕಡೆ ಬೇಸಿಗೆ ಹಾಗಿದ್ದರೆ ದಯವಿಟ್ಟು ಮೊದಲ ಗಿಡವಾಗಿ ಅದನ್ನು ತರಬೇಡಿ.

ತವರು ಗೊತ್ತಿಲ್ಲದಿದ್ದರೆ ಎಲೆ ಮುಟ್ಟಿ ನೋಡಿ. ದಪ್ಪ, ರಸತುಂಬಿದ ಎಲೆ ಅಂದರೆ ನೀರು ಕೂಡಿಡುವ ಗಿಡ, ಬಾಯಾರಿಕೆ ಕಮ್ಮಿ. ಲೋಳೆಸರದ ಥರ. ಅಗಲವಾದ, ತೆಳ್ಳನೆಯ, ಕಡುಹಸಿರು ಎಲೆ ಸಾಮಾನ್ಯವಾಗಿ ಕಾಡಿನ ನೆರಳಿನದ್ದು. ಬೂದು ಬಣ್ಣದ, ನವಿರು ಕೂದಲಿನ ಸಣ್ಣ ಎಲೆ ಉರಿಬಿಸಿಲಿಗೆ ಸಿದ್ಧವಾಗಿ ಬಂದದ್ದು. ಬಿಳಿ ಪಟ್ಟೆ ಇರುವ ಎಲೆ ನೋಡಲು ಚೆಂದ, ಆದರೆ ಆ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ, ಊಟ ತಯಾರಾಗುವುದಿಲ್ಲ. ಹಾಗಾಗಿ ಅದೇ ಜಾತಿಯ ಪೂರ್ತಿ ಹಸಿರು ಗಿಡಕ್ಕಿಂತ ಅದಕ್ಕೆ ಬೆಳಕು ಜಾಸ್ತಿ ಬೇಕು. ನೆರಳಿನ ಮೂಲೆಗೆ ಹಸಿರು ಎಲೆಯದ್ದನ್ನೇ ಆರಿಸಿ.

ಇದಕ್ಕಿಂತ ಸುಲಭದ ದಾರಿಯೂ ಒಂದಿದೆ. ನಿಮ್ಮ ಬೀದಿಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಯಾರೂ ನೋಡಿಕೊಳ್ಳದೆಯೂ ಚೆನ್ನಾಗಿ ಹೂ ಬಿಟ್ಟಿರುವ ಗಿಡ ಯಾವುದು? ಮೂರು ಮನೆಗಳ ಮುಂದೆ ಒಂದೇ ಗಿಡ ಸೊಂಪಾಗಿದ್ದರೆ ಅಲ್ಲಿನ ಮಣ್ಣು, ಗಾಳಿ, ಚಳಿ, ಮಳೆ ಎಲ್ಲವೂ ಅದಕ್ಕೆ ಒಪ್ಪಿಗೆ ಕೊಟ್ಟಿದೆ ಅಂತ. ಬಾಗಿಲು ತಟ್ಟಿ ಒಂದು ಕಡ್ಡಿ ಕೇಳಿ. ಗಿಡ ಬೆಳೆಸುವವರು ಕಡ್ಡಿ ಕೊಡಲು ಹಿಂದೆಮುಂದೆ ನೋಡಿದ್ದನ್ನು ನಾನು ಕಂಡಿಲ್ಲ.

ನಿಮ್ಮ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ. ಕೆಲವರಿಗೆ ಬೆಳಿಗ್ಗೆ ಎದ್ದು ನೀರು ಹಾಕುವುದೇ ಖುಷಿ. ಅಂಥವರ ಮನೆಯಲ್ಲಿ ಕಳ್ಳಿ ಉಳಿಯುವುದಿಲ್ಲ, ಪುದೀನ, ಜರೀಗಿಡ, ಪೀಸ್ ಲಿಲಿ ಸುಖವಾಗಿರುತ್ತವೆ. ವಾರಗಟ್ಟಲೆ ಊರೂರು ತಿರುಗುವವರಿಗೆ ಸ್ನೇಕ್ ಪ್ಲಾಂಟ್, ಜೀಜೀ, ಲೋಳೆಸರ. ಬಿಸಿಲಿದ್ದರೆ ಕಾಗದದ ಹೂ. ಸ್ವಲ್ಪ ಬಾಯಾರಿಸಿದರೆ ಅದು ಇನ್ನೂ ಚೆನ್ನಾಗಿ ಹೂ ಬಿಡುತ್ತದೆ. ಸ್ವಭಾವ ಬದಲಿಸಿಕೊಳ್ಳುತ್ತೇನೆ ಅಂತ ಗಿಡ ತರಬೇಡಿ. ಹೊಸ ಅಭ್ಯಾಸ ಕೂರುವ ಮುಂಚೆಯೇ ಗಿಡ ಹೋಗಿರುತ್ತದೆ.

ನೀರಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬೇರಿಗೂ ಆಮ್ಲಜನಕ ಬೇಕು. ಮಣ್ಣಿನ ಸಂದಿನಲ್ಲಿ ಇರಬೇಕಾದ ಗಾಳಿಯ ಜಾಗವನ್ನೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರುಗಟ್ಟಿ ಸಾಯುತ್ತದೆ, ಆಮೇಲೆ ಕೊಳೆರೋಗ ಹತ್ತುತ್ತದೆ. ಸತ್ತ ಬೇರು ನೀರು ಹೀರುವುದಿಲ್ಲ, ಹಾಗಾಗಿ ಎಲೆ ಜೋತುಬೀಳುತ್ತದೆ. ಅದನ್ನು ನೋಡಿ ಬಾಯಾರಿದೆ ಅಂತ ಇನ್ನಷ್ಟು ನೀರು ಹಾಕುತ್ತೇವೆ. ನನ್ನ ಗುಲಾಬಿಗೆ ಆದದ್ದೂ ಇದೇ, ನೆರಳಿನಲ್ಲಿ ಮಣ್ಣು ಒಣಗುತ್ತಲೇ ಇರಲಿಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಒಳಗೆ ತೇವ ಇದ್ದರೆ ಬೇಡ. ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಕುಂಡಕ್ಕೆ ಕೆಳಗೆ ಜಲ್ಲಿ ಹಾಕಿದರೆ ಸಾಕು ಅನ್ನುತ್ತಾರೆ. ಸಾಲದು. ನೀರು ಜಲ್ಲಿಗೆ ಇಳಿಯುವ ಮೊದಲು ಅದರ ಮೇಲಿನ ಮಣ್ಣಿನಲ್ಲೇ ನಿಂತುಕೊಳ್ಳುತ್ತದೆ, ಇಳಿದದ್ದಕ್ಕೂ ಹೊರಗೆ ಹೋಗಲು ದಾರಿ ಇರುವುದಿಲ್ಲ.

ನರ್ಸರಿಗೆ ಹೋದಾಗ ನಿಮ್ಮ ಚೀಟಿ ಜೇಬಿನಲ್ಲಿರಲಿ. ಮೈತುಂಬ ಹೂ ಬಿಟ್ಟದ್ದಕ್ಕಿಂತ ಮೊಗ್ಗು ಇರುವುದನ್ನು ಆರಿಸಿ, ಹೂ ನಿಮ್ಮ ಮನೆಯಲ್ಲಿ ಅರಳಲಿ. ಎತ್ತರದ ಗಿಡಕ್ಕಿಂತ ಗಿಡ್ಡಗೆ, ಪೊದೆಯಾಗಿ ಇರುವುದು ಒಳ್ಳೆಯದು. ಎಲೆ ತಿರುಗಿಸಿ ಹಿಂಬದಿ ನೋಡಿ. ಹತ್ತಿಯ ಚೂರಿನಂಥ ಬಿಳಿ ಅಂಟು ಕಂಡರೆ ಅದು ಹಿಟ್ಟು ತಿಗಣೆ. ಮುಟ್ಟಿದೊಡನೆ ಸಣ್ಣ ಬಿಳಿ ನೊಣಗಳು ಎದ್ದರೆ ಅದನ್ನೂ ಬಿಡಿ. ತೂತಿನಿಂದ ಬೇರು ಗಂಟುಗಂಟಾಗಿ ಹೊರಬಂದಿದ್ದರೆ ಗಿಡ ಬಹಳ ದಿನದಿಂದ ಆ ಪುಟ್ಟ ಚೀಲದಲ್ಲೇ ಇದೆ ಅಂತ ಅರ್ಥ.

ದೊಡ್ಡದಾದ ಮೇಲೆ ಎಷ್ಟಾಗುತ್ತದೆ ಅಂತ ಕೇಳಲು ಮರೆಯಬೇಡಿ. ಮೇಜಿನ ಮೇಲೆ ಮುದ್ದಾಗಿ ಕಾಣುವ ರಬ್ಬರ್ ಪ್ಲಾಂಟ್ ಆಲದ ಬಳಗದ ಮರ. ನೆಲ ಸಿಕ್ಕರೆ 30 ಮೀಟರ್ ಎತ್ತರಕ್ಕೆ ಹೋಗಬಲ್ಲದು. ಗೋಡೆಯ ಪಕ್ಕ ನೆಲಕ್ಕೆ ಹಾಕಿದರೆ ಮುಂದೊಂದು ದಿನ ಕಡಿಯಲೇಬೇಕು, ಆ ನೋವು ಬೇಡ.

ಮನೆಯಲ್ಲಿ ತೆವಳುವ ಮಗು, ಬೆಕ್ಕು ಅಥವಾ ನಾಯಿ ಇದ್ದರೆ ಇದನ್ನು ಗಮನವಿಟ್ಟು ಕೇಳಿ. ಕಣಗಿಲೆಯ ಎಲೆ, ಹೂ, ಕಡ್ಡಿ, ಬೀಜ ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುತ್ತದೆ. ನಾನು ಮೇಲೆ ಹೊಗಳಿದ ನಿತ್ಯಪುಷ್ಪವೂ ತಿಂದರೆ ವಿಷವೇ. ಡಿಫೆನ್‌ಬೇಕಿಯಾ (ಅಗಲ ಎಲೆಯ ಮೇಲೆ ಬಿಳಿ ಮಚ್ಚೆಯಿರುವ ಕುಂಡದ ಗಿಡ), ಮನಿಪ್ಲಾಂಟ್, ಪೀಸ್ ಲಿಲಿ ಈ ಮೂರರಲ್ಲೂ ಸೂಜಿಯಂಥ ಹರಳುಗಳಿವೆ, ಅಗಿದರೆ ಬಾಯಿ ಗಂಟಲು ಉರಿದು ಊದಿಕೊಳ್ಳುತ್ತದೆ. ನಿಜವಾದ ಲಿಲಿ ಬೇರೆ ಕುಲದ್ದು. ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಹಾಳಾಗಬಹುದು. ಬೆಕ್ಕಿದ್ದ ಮನೆಗೆ ಲಿಲಿ ಬೇಡವೇ ಬೇಡ.

ಇನ್ನೊಂದು ವಿಷಯಕ್ಕೆ ನನಗೆ ನಿಜಕ್ಕೂ ಕೋಪ ಬರುತ್ತದೆ. "ಗಾಳಿ ಶುದ್ಧ ಮಾಡುವ ಗಿಡ" ಅಂತ ಹೇಳಿ ಹೊಸಬರಿಗೆ ಮಾರುವುದು. ಈ ಮಾತಿನ ಮೂಲ 1989ರಲ್ಲಿ ನಾಸಾ ಮಾಡಿದ ಒಂದು ಅಧ್ಯಯನ. ಅಲ್ಲಿ ಗಿಡಗಳನ್ನು ಇಟ್ಟಿದ್ದು ಗಾಳಿಯಾಡದ, ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ನಮ್ಮ ಮನೆ ಹಾಗಿರುವುದಿಲ್ಲ, ಅಲ್ವಾ? 2019ರಲ್ಲಿ ಕಮ್ಮಿಂಗ್ಸ್ ಮತ್ತು ವೇರಿಂಗ್ ಎಂಬ ಸಂಶೋಧಕರು ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿ ನೋಡಿದರು. ಕಟ್ಟಡದೊಳಕ್ಕೆ ತಾನಾಗಿ ಬಂದು ಹೋಗುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಾದೀತು ಅನ್ನುವುದು ಅವರ ಉತ್ತರ. ಗಾಳಿ ಬೇಕಿದ್ದರೆ ಕಿಟಕಿ ತೆಗೆಯಿರಿ. ಗಿಡವನ್ನು ಗಿಡ ಅಂತ ಇಷ್ಟವಾಗಿ ತನ್ನಿ. ಹೊಸ ಚಿಗುರು ಸುರುಳಿ ಬಿಚ್ಚುವುದನ್ನು ನೋಡುವ ಖುಷಿ ಸಾಲದೇ?

ಆಕ್ರಮಣ ಮಾಡುವ ಗಿಡಗಳ ಬಗ್ಗೆಯೂ ಎಚ್ಚರ ಇರಲಿ. ಲಂಟಾನ ಅಮೆರಿಕ ಖಂಡದ ಬಿಸಿ ಪ್ರದೇಶಗಳಿಂದ ತೋಟದ ಅಲಂಕಾರಕ್ಕೆಂದೇ ಪ್ರಯಾಣ ಹೊರಟಿದ್ದು. ಇವತ್ತು ಏಷ್ಯಾ, ಆಫ್ರಿಕ, ಆಸ್ಟ್ರೇಲಿಯದ ಕಾಡುಗಳನ್ನು ಮುಚ್ಚಿಕೊಂಡಿದೆ. ಚೆಂದದ ಹೂ ಅಂತ ಕೆರೆಕಟ್ಟೆಗೆ ಬಂದ ನೀರು ಹಯಸಿಂತ್ ಕಥೆಯೂ ಅದೇ.

ಎಷ್ಟು ಗಿಡ ತರಬೇಕು? ಮೂರು. ಹತ್ತು ತಂದರೆ ಯಾವುದಕ್ಕೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ಮೂರಿದ್ದರೆ ಪ್ರತಿಯೊಂದರ ಮುಖ ಪರಿಚಯ ಆಗುತ್ತದೆ. ಪೂರ್ತಿ ಬಿಸಿಲಿದ್ದರೆ ದಾಸವಾಳ, ಚೆಂಡುಹೂ, ಒಂದು ಮೆಣಸಿನ ಗಿಡ. ಅರೆನೆರಳಾದರೆ ಪುದೀನ, ಪಾಲಕ್, ಮನಿಪ್ಲಾಂಟ್. ಪುದೀನವನ್ನು ಬೇರೆ ಕುಂಡದಲ್ಲೇ ಇಡಿ, ಅದು ಮಣ್ಣಿನೊಳಗೆ ಬಳ್ಳಿಬೇರು ಹರಡಿ ಪಕ್ಕದ ಗಿಡದ ಜಾಗವನ್ನೆಲ್ಲ ತೆಗೆದುಕೊಳ್ಳುತ್ತದೆ. ನೆರಳಾದರೆ ಪೀಸ್ ಲಿಲಿ, ಸ್ನೇಕ್ ಪ್ಲಾಂಟ್, ಜೀಜೀ. ಮಕ್ಕಳಿದ್ದರೆ ಒಂದು ಹಿಡಿ ಮೆಂತ್ಯವನ್ನೂ ಬಿತ್ತಿ, ಎರಡು ಮೂರು ದಿನಕ್ಕೆ ಮೊಳಕೆ ಕಾಣುತ್ತದೆ. ಟೊಮೆಟೊ, ಬದನೆ ಬೇಕು ಅಂತ ಆಸೆಯಿದ್ದು ಬಿಸಿಲು ನಾಲ್ಕೇ ಗಂಟೆ ಇದ್ದರೆ ಸೊಪ್ಪಿನಲ್ಲೇ ಶುರು ಮಾಡಿ. ಕಾಯಿ ಬಿಡುವ ಗಿಡಕ್ಕೆ ಆರರಿಂದ ಎಂಟು ಗಂಟೆ ಬೇಕು, ಸೊಪ್ಪಿಗೆ ಮೂರು ನಾಲ್ಕು ಸಾಕಾಗುತ್ತದೆ.

ತಂದ ದಿನವೇ ಕುಂಡ ಬದಲಿಸಬೇಡಿ. ಒಂದು ವಾರ, ಹತ್ತು ದಿನ ಹೊಸ ಜಾಗಕ್ಕೆ ಹೊಂದಿಕೊಳ್ಳಲಿ. ನಾಲ್ಕಾರು ಎಲೆ ಉದುರಿದರೆ ಗಾಬರಿಯಾಗಬೇಡಿ, ಬೆಳಕು ಬದಲಾದಾಗ ಗಿಡಗಳು ಹಾಗೆ ಮಾಡುತ್ತವೆ. ಹಳೆಯ ಎಲೆ ಹೋಗಲಿ ಬಿಡಿ, ನೀವು ತುದಿಯ ಚಿಗುರನ್ನು ನೋಡುತ್ತಿರಿ.