ಚಪ್ಪರ ಬಿಚ್ಚದ ಮನೆ: ಫುಟ್‌ಬಾಲ್ ಹಬ್ಬಕ್ಕೆ ಬದಲಿ ಊರು ಹುಡುಕುವ ಕತೆ

ಎಲ್ಲರಿಗೂ ನಮಸ್ಕಾರ.

ನಾನು ಒಳ್ಳೆಯ ಆಟಗಾರನಾಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿರುವ ನನ್ನ ಹಳೇ ಜೊತೆಗಾರರಿಗೆ ಅದು ಗೊತ್ತೇ ಇದೆ, ಸುಮ್ನೆ ಸುಳ್ಳು ಹೇಳಿ ಪ್ರಯೋಜನವಿಲ್ಲ. ನನ್ನ ಕೆಲಸ ಯಾವತ್ತೂ ಗೆರೆಯ ಹೊರಗೆ. ನಮ್ಮ ಊರಿನ ಸೆವೆನ್ಸ್, ಅಂದರೆ ಒಂದೊಂದು ಕಡೆ ಏಳು ಜನ ಆಡುವ ಫುಟ್‌ಬಾಲ್ ಟೂರ್ನಮೆಂಟ್ ಕಮಿಟಿಯಲ್ಲಿ ತುಂಬಾ ವರ್ಷ ಕೋಶಾಧಿಕಾರಿಯಾಗಿದ್ದೆ. ಹಾಗಾಗಿ ವಾಚನಾಲಯದವರು "ಮಾಸ್ಟ್ರೇ, ಫುಟ್‌ಬಾಲ್ ಬಗ್ಗೆ ಏನಾದ್ರೂ ಮಾತಾಡಿ" ಅಂದಾಗ ನನಗೆ ಗೋಲು ನೆನಪಾಗಲಿಲ್ಲ. ಒಂದು ರಬ್ಬರ್ ಸ್ಟ್ಯಾಂಪ್ ನೆನಪಾಯಿತು.

ಆ ವರ್ಷ ಸುಗ್ಗಿ ಕೊಯ್ಲು ಮುಗಿದ ಗದ್ದೆಯಲ್ಲಿ ಟೂರ್ನಮೆಂಟ್ ಇಟ್ಟಿದ್ದೆವು. 16 ಟೀಮು. 600 ನೋಟೀಸು ಅಚ್ಚಾಗಿ ಬಂದಿತ್ತು. ಇನ್ನು 9 ದಿನ ಇದೆ ಅನ್ನುವಾಗ ಗದ್ದೆಯವರ ಮನೆಯ ಹಿರಿಯರು ತೀರಿಕೊಂಡರು. ಸೂತಕದ ಮನೆಯ ಅಂಗಳಕ್ಕೆ ತಾಗಿದ ಗದ್ದೆಯಲ್ಲಿ ಮೈಕ್ ಕಟ್ಟಿ ಕಾಮೆಂಟ್ರಿ ಹೇಳುವುದುಂಟಾ? ಅವರು ಬೇಡ ಅನ್ನಲಿಲ್ಲ. ನಾವೇ ಬೇಡ ಅಂದುಕೊಂಡೆವು. ಆಮೇಲೆ ಶುರುವಾಯಿತು ನೋಡಿ, ಬೇರೆ ಜಾಗ ಹುಡುಕುವ ಕೆಲಸ.

ಮೊದಲು ನೋಡಿದ ಗದ್ದೆ ನಮ್ಮದಕ್ಕಿಂತ ದೊಡ್ಡದು, ಚಂದ ಸಪಾಟು. ಆದರೆ ಹತ್ತಿರದಲ್ಲಿ ಕರೆಂಟು ಇಲ್ಲ. ಎರಡನೆಯದರಲ್ಲಿ ಕರೆಂಟು ಇತ್ತು, ಗಾಡಿ ಹೋಗಲು ದಾರಿ ಇಲ್ಲ. ಮೂರನೆಯದು ಪಕ್ಕದ ಊರಿನದು. ಸ್ವಲ್ಪ ಓರೆ, ಒಂದು ಮೂಲೆಯಲ್ಲಿ ತೆಂಗಿನ ಮರ ಬೇರೆ. ಆದರೆ ಅಲ್ಲಿ ಹಿಂದಿನ ರಾತ್ರಿಯಷ್ಟೇ ಬಯಲಾಟ ಮುಗಿದಿತ್ತು. ಚಪ್ಪರ, ಲೈಟು, ಜನರೇಟರ್, ಕುರ್ಚಿ, ಎಲ್ಲಾ ನಿಂತಲ್ಲೇ ಇತ್ತು. ನಮ್ಮ ಅಧ್ಯಕ್ಷರು ಬೈಕಿನಿಂದ ಇಳಿಯುವ ಮೊದಲೇ ಕೂಗಿದರು: "ಬಿಚ್ಚಬೇಡಿ ಮಾರಾಯ್ರೇ, ಬಿಚ್ಚಬೇಡಿ!"

ಲೋಕದ ದೊಡ್ಡ ದೊಡ್ಡ ಟೂರ್ನಮೆಂಟುಗಳಿಗೆ ಬದಲಿ ದೇಶ ಹುಡುಕಿದ ಕತೆಗಳನ್ನು ನಾನು ಆಮೇಲೆ ಆಸೆಯಿಂದ ಓದಿದೆ. ಓದಿದಷ್ಟೂ ನನಗೆ ಕಂಡದ್ದು ಅದೇ ಮಾತು. ಎಲ್ಲಕ್ಕಿಂತ ಒಳ್ಳೆಯ ಮೈದಾನ ಯಾರದ್ದು ಅಂತ ಯಾರೂ ಕೇಳುವುದಿಲ್ಲ. ಚಪ್ಪರ ಇನ್ನೂ ಬಿಚ್ಚದ ಮನೆ ಯಾವುದು, ಅಷ್ಟೇ ಕೇಳುವುದು.

1986ರ ವಿಶ್ವಕಪ್ ತೆಗೆದುಕೊಳ್ಳಿ. ನಮಗೆಲ್ಲ ಅದು ಮೆಕ್ಸಿಕೋ, ಮರಡೋನಾ. ಆದರೆ ಅದು ಮೆಕ್ಸಿಕೋದ್ದೇ ಅಲ್ಲ. 1974ರಲ್ಲಿ ಲೋಕದ ಫುಟ್‌ಬಾಲ್ ನಡೆಸುವ ಸಂಸ್ಥೆ ಫಿಫಾ ಅದನ್ನು ಕೊಲಂಬಿಯಾಕ್ಕೆ ಕೊಟ್ಟಿತ್ತು. ಕೊಲಂಬಿಯಾ ಒಪ್ಪಿಕೊಂಡದ್ದು 16 ತಂಡಗಳ ಆಟಕ್ಕೆ. ನಡುವೆ ಫಿಫಾ 1982ರಿಂದ 24 ತಂಡ ಅಂತ ಮಾಡಿತು. 16 ಜನರಿಗೆ ಊಟಕ್ಕೆ ಹೇಳಿದ ಮನೆಗೆ 24 ಜನ ಬರುತ್ತೇವೆ ಅಂದ ಹಾಗೆ! ಜೊತೆಗೆ ಪಟ್ಟಿ ಬೇರೆ: 40 ಸಾವಿರ ಜನ ಹಿಡಿಯುವ 12 ಸ್ಟೇಡಿಯಂ ಬೇಕು, ಫೈನಲ್‌ಗೆ 80 ಸಾವಿರದ್ದು ಬೇಕು, ಹೋಟೆಲ್ ಬಾಡಿಗೆ ಏರಿಸಬಾರದು, ಆಟ ನಡೆಯುವ ಪಟ್ಟಣಗಳ ನಡುವೆ ರೈಲು ಇರಬೇಕು. 1982ರ ಅಕ್ಟೋಬರ್‌ನಲ್ಲಿ ಅಲ್ಲಿನ ಅಧ್ಯಕ್ಷ ಬೆಲಿಸಾರಿಯೋ ಬೆತಾಂಕುರ್ ಟಿವಿಯಲ್ಲಿ ಬಂದು ಕೈ ಮುಗಿದುಬಿಟ್ಟರು. ನಮ್ಮ ದೇಶಕ್ಕೆ ಮಾಡಲು ಬೇರೆ ಕೆಲಸ ಬೇಕಾದಷ್ಟಿದೆ, ಫಿಫಾದ ದುಂದಿಗೆ ಸಮಯವಿಲ್ಲ ಎಂಬ ಅರ್ಥದ ಮಾತು. ನನಗೆ ಆ ಮನುಷ್ಯನ ಮೇಲೆ ಗೌರವವಿದೆ. ಸಾಲ ಮಾಡಿ ಮದುವೆ ಮಾಡುವವರೇ ಜಾಸ್ತಿ ಇರುವ ಕಡೆ, ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳುವುದು ಸಣ್ಣ ಧೈರ್ಯ ಅಲ್ಲ.

ಅಮೆರಿಕ ಓಡಿ ಬಂತು, ಕೆನಡಾ ಬಂತು, ಮೆಕ್ಸಿಕೋ ಬಂತು. ಅಮೆರಿಕದ ಪರವಾಗಿ ಮಾತಾಡಲು ಅಲ್ಲಿನ ಮಾಜಿ ವಿದೇಶಾಂಗ ಮಂತ್ರಿ ಹೆನ್ರಿ ಕಿಸಿಂಜರ್ ಅವರಂಥವರೇ ಹೋಗಿದ್ದರು. 1983ರ ಮೇ 20ರಂದು ಸ್ಟಾಕ್‌ಹೋಮಿನಲ್ಲಿ ತೀರ್ಮಾನವಾಯಿತು. ಮೆಕ್ಸಿಕೋಗೆ ಒಕ್ಕೊರಲು. ಯಾಕೆ? 1970ರಲ್ಲಿ ಅಲ್ಲಿ ಒಮ್ಮೆ ವಿಶ್ವಕಪ್ ಆಗಿತ್ತು, ಅಜ್ಟೆಕಾ ಸ್ಟೇಡಿಯಂ ಹಾಗೇ ನಿಂತಿತ್ತು. ಇನ್ನೊಂದು ವಿಷಯವನ್ನೂ ಹೇಳದೆ ಬಿಟ್ಟರೆ ತಪ್ಪಾಗುತ್ತದೆ: ಫಿಫಾದ ಉಪಾಧ್ಯಕ್ಷರಲ್ಲಿ ಒಬ್ಬರಾದ ಗಿಲೆರ್ಮೋ ಕನ್ಯೇದೋ ಮೆಕ್ಸಿಕೋದವರು, ಅಲ್ಲಿನ ದೊಡ್ಡ ಟಿವಿ ಕಂಪನಿಯಲ್ಲೂ ದೊಡ್ಡವರು. ಚಪ್ಪರ ಇದ್ದರೆ ಸಾಲದು, ಕಮಿಟಿಯಲ್ಲಿ ನಮ್ಮ ಜನವೂ ಇರಬೇಕು. ಇದು ಊರಿಗೂ ಹೊಸತಲ್ಲ, ಲೋಕಕ್ಕೂ ಹೊಸತಲ್ಲ.

ಆಮೇಲೆ 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ಸಿಟಿಯಲ್ಲಿ ಭಾರೀ ಭೂಕಂಪ. ಸಾವಿರಾರು ಜನ ಸತ್ತರು. ಬದಲಿಗೆ ಬಂದ ದೇಶಕ್ಕೇ ಬದಲಿ ಹುಡುಕಬೇಕಾ ಅನ್ನುವ ಹಾಗಾಯಿತು. ಆದರೆ ಸ್ಟೇಡಿಯಂಗಳಿಗೆ ಏಟು ಬಿದ್ದಿರಲಿಲ್ಲ. ಆಟ ನಡೆಯಿತು. ಯುರೋಪಿನವರು ಟಿವಿ ನೋಡುವ ಹೊತ್ತಿಗೆ ಸರಿಯಾಗಲಿ ಅಂತ ಎಷ್ಟೋ ಪಂದ್ಯಗಳನ್ನು ಸುಡುವ ಮಧ್ಯಾಹ್ನ ಆಡಿಸಿದರು. ಅಲ್ಲಿ ಮಧ್ಯಾಹ್ನ 12 ಅಂದರೆ ನಮಗೆ ರಾತ್ರಿ 11.30. ಇಂಗ್ಲೆಂಡಿನ ಮೇಲೆ ಮರಡೋನಾ ಹೊಡೆದ ಆ ಎರಡು ಗೋಲನ್ನು ನಾವು ಊರಿನ ಒಂದೇ ಟಿವಿ ಇದ್ದ ಮನೆಯ ಜಗಲಿಯಲ್ಲಿ ಮಧ್ಯರಾತ್ರಿ ದಾಟಿ ನೋಡಿದ್ದು. ಒಬ್ಬ ಹುಡುಗ ಮಾಡು ಹತ್ತಿ ಆಂಟೆನಾ ಹಿಡಿದು ನಿಂತಿದ್ದ. ಪಾಪ, ಅವನು ಮಾತ್ರ ಎರಡೂ ಗೋಲು ನೋಡಲಿಲ್ಲ. ಅಂದ ಹಾಗೆ, ಫಿಫಾ ಮೆಕ್ಸಿಕೋವನ್ನು ಆರಿಸಿದಾಗ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯಲ್ಲಿತ್ತು. ಮರಡೋನಾ ಕಪ್ ಎತ್ತುವಾಗ ನಮ್ಮದೇ ಜಿಲ್ಲೆಯಾಗಿ 2 ವರ್ಷ ಕಳೆದಿತ್ತು.

ಇದೇ ಮಾತು ಉಳಿದ ಕಡೆಯೂ. 2003ರ ಮಹಿಳಾ ವಿಶ್ವಕಪ್ ಚೀನಾದಲ್ಲಿ ಆಗಬೇಕಿತ್ತು, ಸಾರ್ಸ್ ಅನ್ನುವ ಅಂಟುರೋಗ ಬಂತು. ಮೇ ತಿಂಗಳಲ್ಲಿ ಎತ್ತಿ ಅಮೆರಿಕಕ್ಕೆ ಕೊಟ್ಟರು. ಹಿಂದಿನದನ್ನು, 1999ರದ್ದನ್ನು ನಡೆಸಿದ್ದು ಅವರೇ. ಸೆಪ್ಟೆಂಬರ್‌ನಲ್ಲಿ ಆಟ ಶುರುವಾಯಿತು. 2019ರ ಆಫ್ರಿಕಾ ಕಪ್ ಕ್ಯಾಮರೂನಿನಲ್ಲಿ ತಯಾರಾಗಲಿಲ್ಲ. 6 ತಿಂಗಳೂ ಇಲ್ಲದಾಗ ಈಜಿಪ್ಟಿಗೆ ಹೋಯಿತು. 2021ರ ಕೋಪಾ ಅಮೆರಿಕ, ಅಂದರೆ ದಕ್ಷಿಣ ಅಮೆರಿಕದ ದೇಶಗಳ ಕಪ್, ಕೊಲಂಬಿಯಾದಿಂದ ಗಲಾಟೆಯ ಕಾರಣಕ್ಕೆ ಹೋಯಿತು, ಅರ್ಜೆಂಟೀನಾದಿಂದ ಕೊರೋನಾ ಕಾರಣಕ್ಕೆ ಹೋಯಿತು. ಮೇ 31ಕ್ಕೆ ಬ್ರೆಜಿಲ್ ಅಂತ ಹೇಳಿ ಜೂನ್ 13ಕ್ಕೆ ಶುರು ಮಾಡಿದರು. ಬರೇ 13 ದಿನ! ನಮ್ಮ 9 ದಿನಕ್ಕಿಂತ 4 ದಿನ ಜಾಸ್ತಿ, ಅಷ್ಟೇ. ಬ್ರೆಜಿಲ್‌ನಲ್ಲಿ 2014ರ ವಿಶ್ವಕಪ್ಪಿನ ಸ್ಟೇಡಿಯಂಗಳಿದ್ದವು, ನಿಜ. ಆದರೆ ಆಗ ಅಲ್ಲೂ ಜನ ಕೊರೋನಾದಿಂದ ಸಾಯುತ್ತಿದ್ದರು. ಅವರ ಆಟಗಾರರೇ ಇದು ಸರಿಯಲ್ಲ ಅಂದರು, ಆದರೂ ಆಡಿದರು. ನನ್ನ ಮಟ್ಟಿಗೆ ಅದು ಮುಂದೂಡಬೇಕಾಗಿದ್ದ ಆಟ. ಚಪ್ಪರ ನಿಂತಿದೆ ಅಂತ ಸೂತಕದ ಮನೆಯಲ್ಲೇ ಮದುವೆ ಮಾಡಿದ ಹಾಗೆ.

ಮುಂದೂಡುವುದು ಅಂದಾಗ ಮೊರಾಕ್ಕೋ ನೆನಪಾಗುತ್ತದೆ. 2015ರ ಜನವರಿಯಲ್ಲಿ ಅಲ್ಲಿ ಆಫ್ರಿಕಾ ಕಪ್. ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ. ಮೊರಾಕ್ಕೋ ಕೇಳಿದ್ದು ಇಷ್ಟೇ: ಸ್ವಲ್ಪ ಮುಂದಕ್ಕೆ ಹಾಕಿ. ಆಫ್ರಿಕಾದ ಫುಟ್‌ಬಾಲ್ ಒಕ್ಕೂಟ ಒಪ್ಪಲಿಲ್ಲ. 2014ರ ನವೆಂಬರ್ 11ಕ್ಕೆ ಕಿತ್ತುಕೊಂಡು, 14ಕ್ಕೆ ಈಕ್ವಟೋರಿಯಲ್ ಗಿನಿಗೆ ಕೊಟ್ಟಿತು. ಅದು ತುಂಬಾ ಸಣ್ಣ ದೇಶ. ಆದರೆ 2012ರಲ್ಲಿ ಗ್ಯಾಬನ್ ಜೊತೆ ಸೇರಿ ಅದೇ ಕಪ್ ನಡೆಸಿತ್ತು, ಬಾಟಾ ಮತ್ತು ಮಲಾಬೋದಲ್ಲಿ ಸ್ಟೇಡಿಯಂ ಇತ್ತು. ಉಳಿದ ಎರಡು ಮೈದಾನ ಸಣ್ಣವು. 2 ತಿಂಗಳಲ್ಲಿ 16 ತಂಡಗಳಿಗೆ ಹಾಸಿಗೆ ಎಲ್ಲಿಂದ ತರುವುದು? ಉಳಿದುಕೊಳ್ಳುವ ವ್ಯವಸ್ಥೆ ಸರಿಯಿಲ್ಲ ಅಂತ ದೂರುಗಳು ಬಂದವು. ನಮ್ಮಲ್ಲೂ ಹೊರಗಿನ ಎರಡು ಟೀಮಿನವರು ರಾತ್ರಿ ಯಾರದೋ ಅಡಕೆ ಅಂಗಳದಲ್ಲಿ ಮಲಗಿದ್ದರು. ಬೆಳಿಗ್ಗೆ ಅವರ ಬೈಗುಳ ಕೇಳಿದ್ದು ನಾನು.

ಈಗ ಸ್ವಾರಸ್ಯದ ವಿಷಯಕ್ಕೆ ಬರುತ್ತೇನೆ. ಪಕ್ಕದ ಊರಿನವರು ಗದ್ದೆ ಕೊಟ್ಟರು, ಸರಿ. ಮರುದಿನ ಅವರ ಇಬ್ಬರು ಬಂದು ಜಗಲಿಯಲ್ಲಿ ಕೂತರು. ಕಾಫಿ ಕುಡಿದರು. ಮಳೆ, ಅಡಕೆ ರೇಟು ಎಲ್ಲಾ ಮಾತಾಡಿದರು. ಏಳುವಾಗ ಒಬ್ಬರು ಮೆಲ್ಲನೆ ಅಂದರು: "ಅಲ್ಲ ಮಾಸ್ಟ್ರೇ, ಗದ್ದೆ ನಮ್ಮದು, ಲೈಟು ನಮ್ಮದು, ನಮ್ಮ ಹುಡುಗರ ಟೀಮು ಮಾತ್ರ ಇಲ್ಲ ಅಂದ್ರೆ ಹೇಗೆ?" ಆ ಟೀಮು ಹೆಸರು ಕೊಡುವ ದಿನ ದಾಟಿದ ಮೇಲೆ ಬಂದದ್ದಕ್ಕೆ ನಾವೇ ಬಿಟ್ಟಿದ್ದು. ಏನು ಮಾಡುವುದು? ಸೇರಿಸಿಕೊಂಡೆವು. 16 ಇದ್ದದ್ದು 17 ಆಗಿ ನನ್ನ ಡ್ರಾ ಪಟ್ಟಿ ಎಲ್ಲಾ ಹಾಳಾಯಿತು.

ಈಕ್ವಟೋರಿಯಲ್ ಗಿನಿಯದ್ದೂ ಇದೇ ಕತೆ. ಅರ್ಹತೆ ಇಲ್ಲದ ಆಟಗಾರನನ್ನು ಆಡಿಸಿದ್ದಕ್ಕೆ ಅವರನ್ನು ಅರ್ಹತಾ ಸುತ್ತಿನಿಂದಲೇ ಹೊರಗೆ ಹಾಕಿದ್ದರು. ಮನೆಯವರಾದ ಮೇಲೆ ನೇರ ಒಳಗೆ! ಸೆಮಿಫೈನಲ್‌ವರೆಗೂ ಹೋದರು. ಅಲ್ಲಿ ಘಾನಾ ಎದುರು ಸೋಲುವಾಗ ಜನ ಬಾಟಲಿ ಎಸೆದು, ಆಟ ಅರ್ಧ ಗಂಟೆಗಿಂತ ಜಾಸ್ತಿ ನಿಂತಿತು. 2023ರ 20 ವರ್ಷದೊಳಗಿನವರ ವಿಶ್ವಕಪ್ ಇಸ್ರೇಲ್ ತಂಡ ಬರಬಾರದು ಅನ್ನುವ ಗದ್ದಲದಲ್ಲಿ ಇಂಡೋನೇಷ್ಯಾದ ಕೈ ತಪ್ಪಿ ಅರ್ಜೆಂಟೀನಾಕ್ಕೆ ಹೋದಾಗಲೂ ಹೀಗೇ. ಅರ್ಜೆಂಟೀನಾದ ಹುಡುಗರು ಅರ್ಹತೆ ಪಡೆದಿರಲಿಲ್ಲ, ಗದ್ದೆ ಕೊಟ್ಟದ್ದಕ್ಕೆ ಟೀಮು ಒಳಗೆ ಬಂತು.

ಇನ್ನು ಕಳೆದುಕೊಂಡವರ ವಿಷಯ. ಅವರಿಗೆ ಏನಾದರೂ ಕೊಡದಿದ್ದರೆ ಆ ಮುನಿಸು ಹತ್ತು ವರ್ಷ ಹೋಗುವುದಿಲ್ಲ. 2003ರಲ್ಲಿ ಚೀನಾದ ತಂಡದ ಜಾಗ ಹಾಗೇ ಉಳಿಸಿದರು, 2007ರ ವಿಶ್ವಕಪ್ಪನ್ನೂ ಅವರಿಗೇ ಕೊಟ್ಟರು. ಸಮಾಧಾನವಾಯಿತು. ಆದರೆ ಆಫ್ರಿಕಾದಲ್ಲಿ ಕ್ಯಾಮರೂನಿಗೆ ಸಮಾಧಾನ ಅಂತ 2021ರದ್ದನ್ನು ಕೊಟ್ಟರು. ಅದು ಐವರಿ ಕೋಸ್ಟಿನದ್ದಾಗಿತ್ತು, ಅವರನ್ನು 2023ಕ್ಕೆ ತಳ್ಳಿದರು. 2023 ಗಿನಿಯದ್ದು (ಈಕ್ವಟೋರಿಯಲ್ ಗಿನಿ ಅಲ್ಲ, ಇದು ಬೇರೆ ದೇಶ), ಅವರನ್ನು 2025ಕ್ಕೆ ತಳ್ಳಿದರು. ಬಸ್ಸಿನಲ್ಲಿ ಒಬ್ಬರು ಕೂರಲು ಇಡೀ ಸೀಟು ಸರಿದ ಹಾಗೆ. ಕೊನೆಗೆ ತುದಿಯಲ್ಲಿದ್ದ ಗಿನಿ ಕೆಳಗೆ ಬಿತ್ತು. ತಯಾರಿ ಸಾಲದು ಅಂತ 2025ರದ್ದನ್ನು ಅವರಿಂದ ಕಿತ್ತುಕೊಂಡರು.

ನಮ್ಮ ಜಿಲ್ಲೆಗೆ ನಿಜವಾಗಿ ತಾಗಿದ ಬದಲಾವಣೆ ಒಂದಿದೆ. 2023ರ ಏಷ್ಯನ್ ಕಪ್ ಚೀನಾದಲ್ಲಿ ಅಂತಿತ್ತು. ಕೊರೋನಾ ಕಾರಣಕ್ಕೆ 2022ರ ಮೇನಲ್ಲಿ ಚೀನಾ ಕೈಬಿಟ್ಟಿತು, ಅಕ್ಟೋಬರ್‌ನಲ್ಲಿ ಕತಾರ್‌ಗೆ ಹೋಯಿತು. ಅಲ್ಲಿ ಚಪ್ಪರ ಬಿಚ್ಚುವ ಮಾತೇ ಇಲ್ಲ, ವಿಶ್ವಕಪ್ಪಿಗೆ ಕಟ್ಟಿದ ಸ್ಟೇಡಿಯಂಗಳು ಹೊಸ ಬಣ್ಣದ ವಾಸನೆಯಲ್ಲೇ ಇದ್ದವು. ಬೇಸಿಗೆಯಲ್ಲಿ ಆಡಲು ಆಗದ ಸೆಕೆ ಅಂತ 2024ರ ಜನವರಿಗೆ ಇಟ್ಟರು. ಚೀನಾಕ್ಕಾದರೆ ನಮ್ಮಿಂದ ಯಾರು ಹೋಗುತ್ತಿದ್ದರು ಹೇಳಿ? ದೋಹಾಕ್ಕೆ ಹೋಗುವುದೇ ಬೇಡ, ನಮ್ಮವರು ಅಲ್ಲೇ ಇದ್ದಾರೆ! ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆಯ ಹುಡುಗರು ಡ್ಯೂಟಿ ಮುಗಿಸಿ ನೇರ ಗ್ಯಾಲರಿಗೆ. ನಮ್ಮ ಪಕ್ಕದ ಮನೆಯ ಹುಡುಗ ಆಸ್ಟ್ರೇಲಿಯಾ ಪಂದ್ಯದ ದಿನ ವಿಡಿಯೋ ಕಾಲ್ ಮಾಡಿದ. ಅವನ ಅಮ್ಮ ಫೋನಿನಲ್ಲಿ ಆಟ ನೋಡಲೇ ಇಲ್ಲ. "ನೀನು ಊಟ ಮಾಡಿದ್ಯಾ?" ಅಂತ ಕೇಳುತ್ತಲೇ ಇದ್ದರು. ಭಾರತ ಮೂರೂ ಪಂದ್ಯ ಸೋತಿತು, ಒಂದು ಗೋಲೂ ಹೊಡೆಯಲಿಲ್ಲ. ಅದು ಬೇರೆ ಉಪನ್ಯಾಸದ ವಿಷಯ.

ರಬ್ಬರ್ ಸ್ಟ್ಯಾಂಪ್ ಹೇಳಿದೆನಲ್ಲ. 600 ನೋಟೀಸು ಪುನಃ ಅಚ್ಚು ಹಾಕಿಸಲು ದುಡ್ಡಿರಲಿಲ್ಲ. ಪಕ್ಕದ ಊರಿನ ಹೆಸರಿನ ಸ್ಟ್ಯಾಂಪ್ ಮಾಡಿಸಿ, ನಮ್ಮ ಊರಿನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಒತ್ತಿದೆವು. ಎಷ್ಟು ಒತ್ತಿದರೂ ಅಡಿಯಲ್ಲಿ ನಮ್ಮ ಹೆಸರು ಕಾಣುತ್ತಿತ್ತು. ಅವರಿಗೆ ಅದರ ಮೇಲೆ ಕೋಪ, ನಮಗೆ ಒಳಗೊಳಗೇ ಖುಷಿ. ಏಷ್ಯನ್ ಕಪ್ಪನ್ನು 2024ರಲ್ಲಿ ಆಡಿದರೂ ಹೆಸರು ಮಾತ್ರ 2023 ಅಂತಲೇ ಇಟ್ಟರು ನೋಡಿ, ಅಲ್ಲೂ ಯಾರೋ ನೋಟೀಸು ಮೊದಲೇ ಅಚ್ಚು ಹಾಕಿಸಿದ್ದರು ಅಂತ ಕಾಣುತ್ತದೆ.

ಗಿನಿಯಿಂದ ಕಿತ್ತ 2025ರ ಆಫ್ರಿಕಾ ಕಪ್ ಆಮೇಲೆ ಯಾರಿಗೆ ಹೋಯಿತು ಗೊತ್ತಾ? ಮೊರಾಕ್ಕೋಗೆ. ಮುಂದೂಡಿ ಅಂತ ಕೇಳಿದ ತಪ್ಪಿಗೆ ಒಕ್ಕೂಟ ಯಾರಿಗೆ 10 ಲಕ್ಷ ಡಾಲರ್ ದಂಡ ಹಾಕಿ, ಮುಂದಿನ ಎರಡು ಕಪ್ಪಿಗೆ ಬರಬೇಡಿ ಅಂದಿತ್ತೋ, ಕ್ರೀಡಾ ನ್ಯಾಯಮಂಡಳಿ ಆ ನಿಷೇಧವನ್ನು ರದ್ದು ಮಾಡಿ ದಂಡವನ್ನು 50 ಸಾವಿರಕ್ಕೆ ಇಳಿಸಿತ್ತೋ, ಅದೇ ಮೊರಾಕ್ಕೋಗೆ. ಈಗ ಅವರ ಚಪ್ಪರವೇ ಎಲ್ಲರಿಗಿಂತ ದೊಡ್ಡದು.

ಇನ್ನು ನೀವು ಕೇಳಿ. ಮೆಕ್ಸಿಕೋ ಬಗ್ಗೆ ಕೇಳಿ, ಕತಾರ್ ಬಗ್ಗೆ ಕೇಳಿ. ನಮ್ಮ ಆ ವರ್ಷದ ಟೂರ್ನಮೆಂಟಿನ ಲೆಕ್ಕ ಮಾತ್ರ ಕೇಳಬೇಡಿ. ಅದು ಕಮಿಟಿಯಲ್ಲಿ ಇನ್ನೂ ಪಾಸಾಗಿಲ್ಲ.